ಮೊದಲು ಬೆಕ್ಕು, ಆಮೇಲೆ ಪೈಥಾನ್

ಹೋದ ವಾರ ಹಾಸನದಿಂದ ಅಣ್ಣ ಫೋನ್ ಮಾಡಿದ್ದ. ಐದನೇ ಕ್ಲಾಸಿನ ಮಗನನ್ನು ಆನ್‌ಲೈನ್ ಪೈಥಾನ್ (ಕಂಪ್ಯೂಟರಿಗೆ ಆಜ್ಞೆ ಬರೆಯುವ ಒಂದು ಭಾಷೆ) ಕ್ಲಾಸಿಗೆ ಸೇರಿಸಿದ್ದಾನಂತೆ, ಲ್ಯಾಪ್‌ಟಾಪ್ ಯಾವುದು ತರಲಿ ಎಂದು ಕೇಳಿದ. ಹುಡುಗ ಒಂದು ಪ್ರೋಗ್ರಾಂ ಅನ್ನು ಮಗ್ಗಿಯ ಹಾಗೆ ಗಡಗಡ ಒಪ್ಪಿಸಿದ. "ಇದರಲ್ಲಿ ವೈಲ್ (while) ಅಂದ್ರೆ ಏನೋ ಪುಟ್ಟಾ?" ಅಂದೆ. "ಗೊತ್ತಿಲ್ಲ ಚಿಕ್ಕಪ್ಪ, ಹಾಗೇ ಬರೀಬೇಕಂತೆ." ನನಗೆ ಸಂಕಟವಾಯಿತು.

ಇಲ್ಲಿ ಯೋಕೊಹಾಮಾದಲ್ಲಿ ನನ್ನ ಮಗಳೂ ಐದನೇ ಕ್ಲಾಸು. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ 2020ರಿಂದ ಪ್ರೋಗ್ರಾಮಿಂಗ್ ಕಡ್ಡಾಯ. ಆದರೆ ಅದು ಬೇರೆಯೇ ಒಂದು ವಿಷಯವಲ್ಲ, ಗಣಿತ-ವಿಜ್ಞಾನದ ಪಾಠಗಳೊಳಗೇ ಬರುತ್ತದೆ. ಇವಳಿಗೆ ಬಹುಭುಜಗಳ ಪಾಠದಲ್ಲಿ ಬಂತು. ಸ್ಕ್ರ್ಯಾಚ್ ಅಂದರೆ ಆಜ್ಞೆಗಳ ತುಂಡುಗಳನ್ನು ಜೋಡಿಸಿ ಪರದೆಯ ಮೇಲಿನ ಬೆಕ್ಕನ್ನು ಓಡಾಡಿಸುವ, ಮಕ್ಕಳ ಪ್ರೋಗ್ರಾಮಿಂಗ್ ತಂತ್ರಾಂಶ. ಸ್ಕ್ರ್ಯಾಚ್‌ನ ಬೆಕ್ಕಿನಿಂದ ಸಮಬಾಹು ತ್ರಿಕೋನ ಬರೆಸಲು ಕೂತಳು. ಮೂಲೆ 60 ಡಿಗ್ರಿ ತಾನೇ ಎಂದು ತಿರುಗಿಸುವುದಕ್ಕೂ 60 ಹಾಕಿದಳು. ಬೆಕ್ಕು ಮೂರು ಗೆರೆ ಎಳೆದು ಅರ್ಧ ಷಟ್ಕೋನದಲ್ಲಿ ನಿಂತುಬಿಟ್ಟಿತು. ನಾನು ಬಾಯಿ ಬಿಡಲಿಲ್ಲ. ಎದ್ದು ತಾನೇ ಬೆಕ್ಕಾಗಿ ನೆಲದ ಮೇಲೆ ನಡೆದಳು, ತುದಿಗೆ ಬಂದು ತಿರುಗುವಾಗ ನಿಂತಳು. "ಅಪ್ಪಾ, ನಾನು ಜಾಸ್ತಿ ತಿರುಗ್ಬೇಕು!" 120 ಹಾಕಿದಳು. ತ್ರಿಕೋನ ಕೂಡಿಕೊಂಡಿತು.

ಸ್ಕ್ರ್ಯಾಚ್‌ನಲ್ಲಿ ಜಪಾನಿಯ ಕಷ್ಟದ ಕಾಂಜಿ ಲಿಪಿ ಓದಲು ಬಾರದ ಎಳೆಯರಿಗಾಗಿ ಬರೀ ಹಿರಗಾನ ಎಂಬ ಸುಲಭ ಅಕ್ಷರಗಳ ಆಯ್ಕೆಯೂ ಇದೆ. ಬೆಕ್ಕನ್ನು ನಡೆಸುವ ಆಜ್ಞೆಯ ತುಂಡಿನ ಮೇಲೆ ಜಪಾನಿಯಲ್ಲಿ ಸಂಖ್ಯೆ ಮೊದಲು, ಹೆಜ್ಜೆ ಆಮೇಲೆ, ಕ್ರಿಯಾಪದ ಕೊನೆಗೆ. ನಮ್ಮ "10 ಹೆಜ್ಜೆ ನಡೆಸು" ಎನ್ನುವ ಕ್ರಮವೇ! ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಇಲ್ಲಿನ ಮಗು ತನ್ನ ಮಾತಿನಲ್ಲೇ ಯೋಚಿಸುತ್ತದೆ. ನಮ್ಮ ಮಗು ಇಂಗ್ಲಿಷನ್ನೂ ತರ್ಕವನ್ನೂ ಒಟ್ಟಿಗೆ ಹೊರಬೇಕು, ಹೊರಲಾಗದೆ ಬಾಯಿಪಾಠಕ್ಕೆ ಬೀಳುತ್ತದೆ.

ಅಣ್ಣನಿಗೆ ಹೇಳಿದೆ: ಹೊಸ ಲ್ಯಾಪ್‌ಟಾಪ್ ಈಗ ಬೇಡ. ಮನೆಯ ಹಳೇ ಕಂಪ್ಯೂಟರ್ ನಡೆಯುತ್ತಿದ್ದರೆ ಸಾಕು. ಸ್ಕ್ರ್ಯಾಚ್‌ಗೆ ದುಡ್ಡಿಲ್ಲ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ಟೂ ಬೇಡ. ನೀನು ಪಕ್ಕದಲ್ಲಿ ಕೂತ್ಕೋ. ಪ್ರತಿ ಸಲ ಓಡಿಸುವ ಮುಂಚೆ ಏನಾಗುತ್ತೆ ಅಂತ ಅವನು ಕನ್ನಡದಲ್ಲಿ ಹೇಳಲಿ. ಟೈಪಿಂಗ್ ಕೈಗೆ ಹತ್ತಿದ ಮೇಲೆ ಪೈಥಾನ್ ಇದ್ದೇ ಇದೆ. ಅದರಲ್ಲೇ ಇರುವ, ಗೆರೆ ಎಳೆಯುವ ಸಲಕರಣೆಯಾದ ಟರ್ಟಲ್‌ನಲ್ಲಿ ಇದೇ ತ್ರಿಕೋನ ಬರೆಯಬಹುದು. ಪೈಥಾನ್ 3ರಲ್ಲಿ ಚರಾಂಶಕ್ಕೆ, ಅಂದರೆ ಬೆಲೆ ತುಂಬಿಡುವ ಡಬ್ಬಿಗೆ, ಕನ್ನಡದ ಹೆಸರನ್ನೇ ಇಡಬಹುದು, ಹೆಜ್ಜೆ = 100 ಎಂದು ಬರೆದರೆ ಅದು ತಕರಾರಿಲ್ಲದೆ ಒಪ್ಪುತ್ತದೆ.

"ಫೀಸು ಕಟ್ಟಿಬಿಟ್ಟಿದೀನಲ್ಲೋ" ಅಂದ. "ಹೋಗ್ಲಿ ಬಿಡಣ್ಣ, ಕ್ಲಾಸಿಗೂ ಹೋಗ್ಲಿ. ದಿನಾ ಅರ್ಧ ಗಂಟೆ ಬೆಕ್ಕಿಗೆ ಇಡು" ಅಂದೆ.

ಈ ಭಾನುವಾರ ವಿಡಿಯೋ ಕಾಲಿನಲ್ಲಿ ಮಗಳು ಅವನಿಂದ ಐದು ಮೂಲೆಯ ನಕ್ಷತ್ರ ಬರೆಸಲಿದ್ದಾಳೆ. ಎಷ್ಟು ಡಿಗ್ರಿ ತಿರುಗಬೇಕೆಂದು ಮಾತ್ರ ಹೇಳಿಕೊಡಬಾರದು ಎಂದು ಅವಳಿಗೆ ತಾಕೀತು ಮಾಡಿದ್ದೇನೆ.