ಕಪ್ಪತಗುಡ್ಡದ ಕಳವಳ

ಗದಗ ಜಿಲ್ಲೆಯ ಕಪ್ಪತಗುಡ್ಡದ ಆಸುಪಾಸಿನ ಚಿನ್ನದ ಗಣಿ ಪ್ರಸ್ತಾವದ ಬಗ್ಗೆ ಸಂಬಂಧಪಟ್ಟವರು ಮತ್ತೊಮ್ಮೆ ಕಳವಳ ವ್ಯಕ್ತಪಡಿಸಿದ್ದಾರೆಂದು ಓದಿ ನನಗಂತೂ ನೆಮ್ಮದಿಯಾಯಿತು. ನಮ್ಮ ನಿಮ್ಮ ಕಳವಳ ಹೊಟ್ಟೆಯಲ್ಲಿ ಹುಟ್ಟಿ ನಿದ್ದೆ ಕೆಡಿಸುತ್ತದೆ. ಸರ್ಕಾರಿ ಕಳವಳವಾದರೋ ಕಡತದಲ್ಲಿ ಹುಟ್ಟಿ, ಟಿಪ್ಪಣಿಯಾಗಿ ಬೆಳೆದು, ಮೇಲಿನ ಮೇಜಿಗೆ ಏರಿ, ಸ್ಪಷ್ಟೀಕರಣ ಕೋರಿ ಕೆಳಗಿಳಿದು, ತಾನೇ ಸುಖವಾಗಿ ನಿದ್ದೆ ಹೋಗುತ್ತದೆ.

ಈ ಗುಡ್ಡಕ್ಕೆ ಆದಷ್ಟು ವರ್ಗಾವಣೆ ಯಾವ ತಹಶೀಲ್ದಾರರಿಗೂ ಆಗಿರಲಾರದು. 2015ರಲ್ಲಿ ಅದು ಸಂರಕ್ಷಿತ ಮೀಸಲು ಪ್ರದೇಶವಾಯಿತು, 2016ರಲ್ಲಿ ಅಲ್ಲವೆನಿಸಿತು, 2017ರಲ್ಲಿ ತೋಂಟದ ಸಿದ್ಧಲಿಂಗ ಶ್ರೀಗಳ ಮುಂದಾಳತ್ವದಲ್ಲಿ ಗದಗಿನ ಜನ ಧರಣಿ ಕುಳಿತ ಮೇಲೆ ಪುನಃ ಹೌದಾಯಿತು, 2019ರಲ್ಲಿ ವನ್ಯಜೀವಿಧಾಮವೆಂದು ಬಡ್ತಿ ಪಡೆಯಿತು. ಧಾಮದ ಗಡಿಯಿಂದ ಒಂದು ಕಿಲೋಮೀಟರಿನೊಳಗೆ ಗಣಿ ಕೂಡದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದ್ದರಿಂದ ಈಗ ಟೇಪು ಹಿಡಿದವರಿಗೆ ಕೆಲಸ ಸಿಕ್ಕಿದೆ. ಗೆರೆ ಎಲ್ಲಿದೆಯೆಂಬುದನ್ನು ಗುಡ್ಡದ ಕತ್ತೆಕಿರುಬಗಳಿಗೂ ಒಮ್ಮೆ ತೋರಿಸಿಬಿಟ್ಟರೆ ಒಳಿತು.

ಪರಿಸರ ಪರಿಣಾಮದ ವರದಿಯನ್ನು ಬರೆಯುವ ಸಲಹೆಗಾರರಿಗೆ ಸಂಬಳ ಕೊಡುವವನು ಗಣಿ ಕೇಳುವವನೇ. ವರನ ಜಾತಕವನ್ನು ವರನ ಕಡೆಯ ಜೋಯಿಸರೇ ಬರೆದಂತೆ ಇದು. ದೋಷ ಕಂಡರೂ ಅದಕ್ಕೊಂದು ಶಾಂತಿ ಇದ್ದೇ ಇರುತ್ತದೆ. ಧೂಳಿನ ದೋಷಕ್ಕೆ ಹೇಳುವ ಶಾಂತಿ ನೀರು ಚಿಮುಕಿಸುವುದು. ಗುಡ್ಡದ ನೆತ್ತಿಯ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನಿಲ್ಲಿಸಿದ್ದೇ ಅಲ್ಲಿ ಗಾಳಿ ಜೋರೆಂದು. ಆದರೆ ಗಣಿಯ ಧೂಳು ಬೇಲಿ ದಾಟದೆ ವಿಧೇಯವಾಗಿ ಕುಳಿತಿರುತ್ತದೆಂದು ನಾವು ನಂಬಬೇಕು.

ಇನ್ನು ಚಿನ್ನದ ಲೆಕ್ಕ. ಟನ್ ಅದಿರು ಅರೆದರೆ ದಕ್ಕುವುದು ಕೆಲವೇ ಗ್ರಾಂ. ಮೂರು ಗ್ರಾಂ ಎಂದು ಹಿಡಿಯೋಣ. ಒಂದು ಮೂಗುಬಟ್ಟಿಗೆ ಧಾರಾಳವಾಯಿತು. ಉಳಿದ 9,99,997 ಗ್ರಾಂ ಪುಡಿ, ಚಿನ್ನ ಬೇರ್ಪಡಿಸುವ ಸೈನೈಡಿನಲ್ಲಿ ಮಿಂದ ರಾಡಿಯಾಗಿ, ಡೋಣಿ, ಡಂಬಳದ ಕಡೆಯವರ ಹೊಲಗಳ ನೆರೆಯಲ್ಲಿ ಶಾಶ್ವತವಾಗಿ ಬೀಡುಬಿಡುತ್ತದೆ. ಮೂಗುಬಟ್ಟು ಯಾರ ಮೂಗಿಗೆ ಎಂದು ಕೇಳಿದವರನ್ನು ಅಭಿವೃದ್ಧಿಯ ವಿರೋಧಿ ಎನ್ನುತ್ತಾರೆ.

ಸಾಕಾಗಿದೆ. 2011ರಲ್ಲಿ ಇದೇ ಜಿಲ್ಲೆಯ ಹಳ್ಳಿಗುಡಿಯ ರೈತರು ಪೋಸ್ಕೊ ಉಕ್ಕಿನ ಕಾರ್ಖಾನೆ ಬೇಡವೆಂದರು, 2017ರಲ್ಲಿ ಇಡೀ ಜಿಲ್ಲೆ ಗುಡ್ಡ ಮುಟ್ಟಬೇಡಿ ಎಂದಿತು. ಕಂಪನಿ ಒಮ್ಮೆ ಅರ್ಜಿ ಹಾಕಿ ಸೋತರೆ ಮತ್ತೆ ಹಾಕಬಹುದು. ಜನ ಮಾತ್ರ ಪ್ರತಿಸಲವೂ ಬಿತ್ತನೆ ಬಿಟ್ಟು, ಸ್ವಂತ ಬುತ್ತಿ ಕಟ್ಟಿಕೊಂಡು ಬಂದು ಅದೇ ‘ಬೇಡ’ವನ್ನು ಹೊಸದಾಗಿ ಹೇಳಬೇಕು. ಇದಕ್ಕೆ ಅಹವಾಲು ಆಲಿಸುವುದು ಎಂದು ಹೆಸರು.

ಅಂದಹಾಗೆ, ಧೂಳಿಗೆ ಚಿಮುಕಿಸುವ ಆ ನೀರು ಎಲ್ಲಿಂದ ಬರುತ್ತದೆಂದು ತಿಳಿದರೆ ನನಗೂ ಹೇಳಿ. ನಮ್ಮ ಓಣಿಯ ನಲ್ಲಿಗೆ ನೀರು ಬಂದು ಇವತ್ತಿಗೆ ಹನ್ನೊಂದು ದಿನ.