ಸಹಿಯನ್ನೇಕೆ ಕತ್ತರಿಸುತ್ತೀರಿ?

ಮುಂಬಯಿಯ ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯ ಕರಡು ಕೈಸೇರಿದಾಗ, ಅಂತರ್ಜಾಲದಿಂದ ಇಳಿಸಿಕೊಂಡ ಯಕ್ಷಗಾನ ವೇಷದ ಚಿತ್ರದ ಮೂಲೆಯಲ್ಲಿದ್ದ ಕಲಾವಿದನ ಸಹಿಯನ್ನು ಈ ಬಾರಿಯೂ ಕತ್ತರಿಸಿರುವುದನ್ನು ಕಂಡು ಬಹಳ ನೋವಾಯಿತು. ಕೇಳಿದರೆ, ‘ಉಚಿತವಾಗಿ ಸಿಕ್ಕಿದ್ದಲ್ಲವೇ, ಬಿಡಿ ಸರ್’ ಎಂಬ ಉತ್ತರ. ದುಡ್ಡು ಕೇಳದವನು ಹಕ್ಕನ್ನೂ ಬಿಟ್ಟುಕೊಟ್ಟಿದ್ದಾನೆಂದು ಇವರಿಗೆ ಹೇಳಿದವರಾರು? ತಮ್ಮ ಕೃತಿಯನ್ನು ಇತರರು ಉಚಿತವಾಗಿ ಬಳಸಲು ರಚಿಸಿದವರೇ ಷರತ್ತುಗಳೊಂದಿಗೆ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ‘ಬಿವೈ’ ಎಂದಿದ್ದರೆ ರಚಿಸಿದವರ ಹೆಸರನ್ನು ನಮೂದಿಸಲೇಬೇಕು. ಜೊತೆಗೆ ‘ಎನ್‌ಸಿ’ ಎಂದೂ ಇದ್ದರೆ ವಾಣಿಜ್ಯ ಉದ್ದೇಶಕ್ಕೆ ಬಳಸುವಂತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮಂತೂ, ಹಕ್ಕನ್ನು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಕರ್ತೃವಿಗೇ ಉಳಿಸಿದೆ. ಪ್ರಾಯೋಜಕರ ಹೆಸರುಗಳಿಗೆ ಅರ್ಧ ಪುಟ ಮೀಸಲಿಟ್ಟಿರುವ ಈ ಪತ್ರಿಕೆಯಲ್ಲಿ ಚಿತ್ರ ಬರೆದವನಿಗೆ ಒಂದು ಸಾಲು ಬೇಕೆಂದು ಕೇಳಿದ್ದೇನೆ. ಮುದ್ರಣಕ್ಕೆ ಹೋಗುವ ಮುನ್ನ ಮತ್ತೊಮ್ಮೆ ಕೇಳುತ್ತೇನೆ.