ಮುಂಭಾರ ಮತ್ತು ಮುಖಭಂಗ

ನಮ್ಮ ಮನೆಯ ಗೊಬ್ಬರದ ಗುಂಡಿಯಿಂದ ಅಡಿಕೆ ತೋಟಕ್ಕೆ ಹೋಗುವ ಮಣ್ಣುದಾರಿ ಒಂದೂವರೆ ಫರ್ಲಾಂಗು ಉದ್ದವಿದ್ದು, ಕೊನೆಯಲ್ಲಿ ತುಸು ಇಳಿಜಾರಾಗಿದೆ. ತಲೆತಲಾಂತರದಿಂದ ಆ ದಾರಿಯಲ್ಲಿ ಗೊಬ್ಬರ ಹೋಗುತ್ತಿದ್ದದ್ದು ಬುಟ್ಟಿಯಲ್ಲಿ, ಆಳುಗಳ ತಲೆಯ ಮೇಲೆ. ಈಗ ಸಾಗರದ ಸೀಮೆಯಲ್ಲಿ ತಲೆಗಳಿಗೇನೂ ಬರವಿಲ್ಲ, ಬುಟ್ಟಿ ಹೊರುವ ತಲೆಗಳಿಗೆ ಮಾತ್ರ ಬರ. ಹೀಗಾಗಿ 24 ಎಚ್‌ಪಿಯ ಹಳೆಯ ಮಿನಿ ಟ್ರ್ಯಾಕ್ಟರೊಂದನ್ನು ಕೊಂಡು, ಅದರ ಮುಂದುಗಡೆ ಲೋಡರ್ ಕೂರಿಸಿ ತಂದೆ. ಲೋಡರಿನ ಬಕೆಟ್ ಎಷ್ಟು ಭಾರವನ್ನು ಎಷ್ಟು ಎತ್ತರಕ್ಕೆ ಎತ್ತುತ್ತದೆ ಎಂಬುದನ್ನು ಮಾರಿದವರು ಅರ್ಧ ಗಂಟೆ ವಿವರಿಸಿದರು. ಅದು ಟ್ರ್ಯಾಕ್ಟರಿನ ಹಿಂಭಾಗವನ್ನೂ ಎತ್ತುತ್ತದೆ ಎಂಬುದನ್ನು ನಾನೇ ಕಂಡುಹಿಡಿಯಬೇಕಾಯಿತು.

ಮೊದಲ ದಿನ ಬಕೆಟ್ಟಿನ ತುಂಬ ಹಸಿ ಗೊಬ್ಬರ ತುಂಬಿಕೊಂಡು, ಡೀಸೆಲ್ ಉಳಿಸುವ ಜಾಣತನದಿಂದ ಫೋರ್ ವೀಲ್ ಡ್ರೈವನ್ನು ತಪ್ಪಿಸಿಟ್ಟು, ಬಕೆಟ್ಟನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ಬೇಲಿಯಾಚೆ ನಿಂತು ನೋಡುತ್ತಿದ್ದ ನೆರೆಮನೆಯವರಿಗೆ ಗತ್ತಿನಿಂದ ಕೈಬೀಸಿ ಇಳಿಜಾರಿಗೆ ಇಳಿದೆ. ನಾಲ್ಕು ಮಾರು ಹೋಗುವಷ್ಟರಲ್ಲಿ, ಕೂತ ಸೀಟು ನನ್ನನ್ನು ಮೆಲ್ಲನೆ ಎಬ್ಬಿಸಿ ಕಳಿಸಿಕೊಡುತ್ತಿರುವಂತೆ ಅನ್ನಿಸಿತು. ತಿರುಗಿ ನೋಡಿದರೆ ಹಿಂಚಕ್ರಕ್ಕೂ ನೆಲಕ್ಕೂ ನಡುವೆ ಬೆಕ್ಕು ನುಸುಳಿ ಹೋಗುವಷ್ಟು ಜಾಗವಿತ್ತು. ಬ್ರೇಕನ್ನು ಬಲವಾಗಿ ತುಳಿದೆ. ಬ್ರೇಕು ಪ್ರಾಮಾಣಿಕವಾಗಿಯೇ ಹಿಡಿಯಿತು, ಗಾಳಿಯಲ್ಲಿದ್ದ ಚಕ್ರಗಳು ಗಕ್ಕನೆ ನಿಂತವು, ಟ್ರ್ಯಾಕ್ಟರು ಮಾತ್ರ ಮುಂಚಕ್ರಗಳ ಮೇಲೆ ತನ್ನ ಪಾಡಿಗೆ ತಾನು ಹೋಗುತ್ತಲೇ ಇತ್ತು. ಇಂಥ ಟ್ರ್ಯಾಕ್ಟರುಗಳಿಗೆ ಬ್ರೇಕು ಇರುವುದು ಹಿಂಚಕ್ರಗಳಿಗೆ ಮಾತ್ರ ಎಂಬ ಸಂಗತಿಯನ್ನು ಓದಿ ಕಲಿತವರು ಮರೆಯಬಹುದು, ಹೀಗೆ ಕಲಿತವರು ಮರೆಯುವುದಿಲ್ಲ. ಗಾಬರಿಯಲ್ಲಿ ಲೋಡರಿನ ಲಿವರನ್ನು ನನ್ನ ಕಡೆಗೆ ಎಳೆದೆ, ಬಕೆಟ್ ಇನ್ನಷ್ಟು ಮೇಲೇರಿತು. ತಪ್ಪು ತಿಳಿದು ಮುಂದಕ್ಕೆ ತಳ್ಳಿದಾಗ ಬಕೆಟ್ ತೋಟದ ನೀರು ಬಸಿಯುವ ಕಾದಿಗೆಯ ಅಂಚಿಗೆ ಕುಕ್ಕರಿಸಿತು, ಹಿಂಚಕ್ರಗಳು ಧೊಪ್ಪೆಂದು ನೆಲ ಮುಟ್ಟಿದವು, ಆ ಕುಲುಕಿಗೆ ಗೊಬ್ಬರದ ಒಂದು ಮುದ್ದೆ ನನ್ನ ಕನ್ನಡಕದ ಮೇಲೆ ಬಂದು ಕೂತಿತು. ನಾನು ಕೈಬೀಸಿದ್ದ ನೆರೆಮನೆಯವರು ಈಗ ಅಷ್ಟೇ ಸೌಜನ್ಯದಿಂದ ನನಗೆ ಕೈಬೀಸಿದರು.

ಜಗಲಿಯಲ್ಲಿ ಕವಳ ಹಾಕುತ್ತಿದ್ದ ಅಪ್ಪಯ್ಯ ಸಮಾಚಾರವೆಲ್ಲ ಕೇಳಿ, "ಮಾಣಿ, ಗಾಡಿ ಹೂಡಿದವರ ಮನೆಯಲ್ಲಿ ಹುಟ್ಟಿ ನಿನಗೆ ಮುಂಭಾರ ಹಿಂಭಾರ ಗೊತ್ತಾಗಲಿಲ್ಲವಾ?" ಎಂದರು. ನನಗೀಗ ಐವತ್ತೊಂದು ವರ್ಷ. ಮಾಣಿಯ ಪಟ್ಟದಿಂದ ಇನ್ನೂ ಬಿಡುಗಡೆಯಾಗಿಲ್ಲ. ಅವರು ಹೇಳಿದ್ದರಲ್ಲಿ ಸತ್ಯವಿತ್ತು. ಎತ್ತಿನಗಾಡಿಗೆ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ನೊಗ ಅವುಗಳ ಹೆಗಲನ್ನು ತುಳಿಯುತ್ತದೆ. ನೀರೆತ್ತುವ ಏತದ ಬಾಲಕ್ಕೆ ಕಲ್ಲು ಕಟ್ಟುತ್ತಿದ್ದುದೂ ಇದೇ ಲೆಕ್ಕದಲ್ಲಿ. ನನ್ನ ಟ್ರ್ಯಾಕ್ಟರು ಬಾಲಕ್ಕೆ ಕಲ್ಲಿಲ್ಲದ ಏತವಾಗಿತ್ತು.

ಆ ರಾತ್ರಿ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಭಾರದ ಲೆಕ್ಕ ಹಾಕಿದೆ. ಬಕೆಟ್ಟಿನಲ್ಲಿ 200 ಕೆ.ಜಿ. ಗೊಬ್ಬರವಿದ್ದು, ಅದು ಮುಂದಿನ ಅಚ್ಚಿನಿಂದ 1.2 ಮೀಟರ್ ಆಚೆ ಇದ್ದರೆ, ಮತ್ತು ಎರಡು ಅಚ್ಚುಗಳ ನಡುವೆ 1.5 ಮೀಟರ್ ಅಂತರವಿದ್ದರೆ, ಹಿಂದಿನ ಅಚ್ಚಿನ ಮೇಲಿನ ಭಾರದಲ್ಲಿ 160 ಕೆ.ಜಿ. ಮಾಯವಾಗುತ್ತದೆ. ಲೋಡರಿನ ಸ್ವಂತ ತೂಕ ಮತ್ತು ಇಳಿಜಾರಿನ ಕೊಡುಗೆ ಬೇರೆ. ಇದಕ್ಕಿಂತ ನಿದ್ದೆ ಕೆಡಿಸಿದ್ದು ಇನ್ನೊಂದು ಸಂಗತಿ. ಮುಂದಿನ ಅಚ್ಚು ನಟ್ಟನಡುವಿನ ಒಂದೇ ಪಿನ್ನಿನ ಮೇಲೆ ಅತ್ತಿತ್ತ ಆಡುವುದರಿಂದ, ಹಿಂಚಕ್ರಗಳು ನೆಲ ಬಿಟ್ಟ ಗಳಿಗೆಯಲ್ಲಿ ಇಡೀ ಟ್ರ್ಯಾಕ್ಟರು ಒಂಟಿ ಕಾಲಿನ ಮೇಲೆ ನಿಂತಂತಾಗುತ್ತದೆ. ಆಗ ಅದು ಪಕ್ಕಕ್ಕೆ ಮಗುಚಲು ಚಕ್ರದಡಿಗೆ ಒಂದು ಕಲ್ಲು ಸಿಕ್ಕರೂ ಸಾಕು.

ಮರುದಿನ ಅಳಿಯನೂ ಅವನ ಗೆಳೆಯನೂ ತಾವಿಬ್ಬರು ಹಿಂದೆ ನಿಂತುಕೊಳ್ಳುವುದಾಗಿ ಉತ್ಸಾಹದಿಂದ ಮುಂದೆ ಬಂದರು. ಹೆಂಡತಿ, "ಮನುಷ್ಯರನ್ನು ತೂಕದ ಬೊಟ್ಟು ಮಾಡುವುದಾದರೆ ಮೊದಲು ನೀವು ಹೋಗಿ ನಿಲ್ಲಿ, ಟ್ರ್ಯಾಕ್ಟರು ನಾನು ಹೊಡೆಯುತ್ತೇನೆ" ಎಂದದ್ದರಿಂದ ಆ ಯೋಜನೆ ಅಲ್ಲಿಗೇ ಮುಗಿಯಿತು. ಬಳಿಕ ಮನೆಯಲ್ಲಿದ್ದ, ಮಣ್ಣು ಹುಡಿ ಮಾಡುವ ರೋಟವೇಟರನ್ನೇ ಹಿಂದೆ ಜೋಡಿಸಿದೆ. ಭಾರವೇನೋ ಚೆನ್ನಾಗಿಯೇ ಸಿಕ್ಕಿತು. ಆದರೆ ಲೋಡರ್ ಹೊಡೆಯುವವನ ಕಣ್ಣೆಲ್ಲ ಮುಂದೆಯೇ ಇರುವುದರಿಂದ, ಹಿಂದೆ ಅಗಲವಾಗಿ ಚಾಚಿಕೊಂಡದ್ದು ತಿರುವಿನಲ್ಲಿ ಏನು ಮಾಡುತ್ತಿದೆ ಎಂದು ತಿಳಿಯುವುದಿಲ್ಲ. ಅದು ಗೊನೆ ಹಾಕಿದ್ದ ಎರಡು ಬಾಳೆಗಿಡಗಳನ್ನೂ ಸ್ಪ್ರಿಂಕ್ಲರಿನ ಒಂದು ಪೈಪನ್ನೂ ತನ್ನ ಲೆಕ್ಕಕ್ಕೆ ಬರೆದುಕೊಂಡಿತು.

ಪಂಕ್ಚರ್ ಅಂಗಡಿಯವರ ಸಲಹೆಯಂತೆ ಹಿಂದಿನ ಟೈರುಗಳಿಗೆ ನೀರು ತುಂಬಿಸಿದ್ದು ಮಾತ್ರ ಯಾವ ಅಪಘಾತವೂ ಇಲ್ಲದೆ ನಡೆಯಿತು. ವಾಲ್ವ್ ಮೇಲಕ್ಕೆ ಬರುವಂತೆ ಚಕ್ರವನ್ನು ನಿಲ್ಲಿಸಿ, ಮುಕ್ಕಾಲು ಪಾಲು ನೀರು ತುಂಬಿ, ಉಳಿದದ್ದಕ್ಕೆ ಗಾಳಿ ಹೊಡೆದರು. ಟೈರೊಂದಕ್ಕೆ ಸುಮಾರು 50 ಲೀಟರ್ ಹಿಡಿಯಿತು. ಇದು ಒಳ್ಳೆಯ ಭಾರವೇ, ಆದರೆ ಅಚ್ಚಿನ ಮೇಲೆಯೇ ಕೂರುವ ಭಾರ. ಅಚ್ಚಿನಿಂದ ಹಿಂದಕ್ಕೆ ತೂಗುವ ಭಾರಕ್ಕೆ ಸನ್ನೆಗೋಲಿನ ಬಲವಿದೆ. 240 ಕೆ.ಜಿ.ಯನ್ನು ಮುಕ್ಕಾಲು ಮೀಟರ್ ಹಿಂದೆ ತೂಗಿದರೆ ಹಿಂದಿನ ಅಚ್ಚಿಗೆ 360 ಕೆ.ಜಿ. ಸಿಗುತ್ತದೆ, ಹೆಚ್ಚುವರಿ 120 ಕೆ.ಜಿ.ಯನ್ನು ಅದು ಬಳಲಿದ ಮುಂದಿನ ಅಚ್ಚಿನಿಂದಲೇ ಇಳಿಸಿಕೊಂಡಿರುತ್ತದೆ. ಹಾಲಿನ ಪುಸ್ತಕದಲ್ಲಿ ಇಷ್ಟು ಲಾಭದ ಲೆಕ್ಕ ಬರೆದದ್ದು ಅದೇ ಮೊದಲು.

ಆ 240 ಕೆ.ಜಿ.ಯನ್ನು ಮನೆಯಲ್ಲೇ ತಯಾರಿಸಲು ಹೊರಟೆ. ಮೈಲುತುತ್ತದ ದ್ರಾವಣ ಕದಡಿ ಕದಡಿ ಬಾಯಿ ಸೀಳಿದ್ದ 200 ಲೀಟರಿನ ನೀಲಿ ಡ್ರಮ್ಮನ್ನು ನಡುವಿಗೆ ಕೊಯ್ದು, ಟ್ರ್ಯಾಕ್ಟರಿನ ಹಿಂದೆ ಸಲಕರಣೆ ಜೋಡಿಸುವ ಮೂರು ತೋಳಿನ ತ್ರೀ ಪಾಯಿಂಟ್ ಲಿಂಕೇಜಿಗೆ ಸಿಕ್ಕಿಸಲು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಕಟ್ಟನ್ನು ಅದರೊಳಗೆ ನಿಲ್ಲಿಸಿ, ಕಾಂಕ್ರೀಟು ಸುರಿದೆ. ಗೋಣಿಚೀಲ ಹೊದಿಸಿ, ಹೊತ್ತುಹೊತ್ತಿಗೆ ನೀರು ಕುಡಿಸಿ, ಬಾಣಂತಿಯಂತೆ ಇಪ್ಪತ್ತೆಂಟು ದಿನ ಆರೈಕೆ ಮಾಡಿದೆ. ಇಪ್ಪತ್ತೊಂಬತ್ತನೆಯ ದಿನ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ತರುವಾಗ ಹೊಳೆದದ್ದೇನೆಂದರೆ, ನಾನು ಡ್ರಮ್ಮನ್ನು ಕೂರಿಸಿದ್ದು ನೆರಳಿರಲೆಂದು ಅಡಿಕೆ ಚಪ್ಪರದ ಒಳಗೆ, ಮತ್ತು ಚಪ್ಪರದ ಕಂಬಗಳ ನಡುವೆ ಟ್ರ್ಯಾಕ್ಟರು ಹಿಡಿಸುವುದಿಲ್ಲ. "ಅದನ್ನು ಎತ್ತಿ ಹೊರಗೆ ತರಲು ಆ ಲೋಡರಿಗೆ ಆಗುವುದಿಲ್ಲವಾ?" ಎಂದು ಅಮ್ಮ ಅಡುಗೆಮನೆಯ ಕಿಟಕಿಯಿಂದ ಕೇಳಿದಳು. ಎತ್ತಬೇಕೆಂದರೆ ಹಿಂದೆ ಭಾರವಿರಬೇಕು, ಭಾರವೇ ಚಪ್ಪರದೊಳಗಿದೆ ಎಂದು ವಿವರಿಸುವ ಧೈರ್ಯ ನನಗಾಗಲಿಲ್ಲ. ಕೊನೆಗೆ ಕೇರಿಯ ಆರು ಮಂದಿ ಸೇರಿ, ಅಡಿಕೆಮರದ ತುಂಡುಗಳನ್ನು ಉರುಳೆಯಾಗಿ ಹಾಸಿ, ತೇರು ಎಳೆದಂತೆ ಅದನ್ನು ಅಂಗಳಕ್ಕೆ ತಂದರು. ಮುಂದಾಳತ್ವ ಬೇಲಿಯಾಚೆಯ ಆ ನೆರೆಮನೆಯವರದ್ದೇ ಆಗಿತ್ತು, ಮತ್ತು ಒಗ್ಗರಣೆ ಅವಲಕ್ಕಿ ಎರಡು ಸಲ ಕಲಸಬೇಕಾಯಿತು.

ಈಗ ಹಿಂಚಕ್ರಗಳು ನೆಲ ಬಿಡುವುದಿಲ್ಲ. ಬಕೆಟ್ಟನ್ನು ಮೊಣಕಾಲಿನ ಮಟ್ಟಕ್ಕಿಂತ ಮೇಲೆತ್ತದೆ, ಫೋರ್ ವೀಲ್ ಹಾಕಿಕೊಂಡು, ಇಳಿಜಾರಿನಲ್ಲಿ ತುಂಬಿದ ಬಕೆಟ್ ಏರಿನ ಕಡೆಗೇ ಇರುವಂತೆ ಹಿಮ್ಮುಖವಾಗಿ ಇಳಿಯುತ್ತೇನೆ, ಯಾರಿಗೂ ಕೈಬೀಸುವುದಿಲ್ಲ. ಒಂದೇ ತೊಂದರೆ. ಟ್ರ್ಯಾಕ್ಟರು ಅಂಗಳದಲ್ಲಿ ನಿಂತಾಗ ಡ್ರಮ್ಮಿನ ಸಪಾಟಾದ ಮೈಗೆ ಒಳ್ಳೆಯ ಬಿಸಿಲು ಬೀಳುವುದನ್ನು ಅಮ್ಮ ಪತ್ತೆಹಚ್ಚಿದ್ದಾಳೆ. ಈ ಚೈತ್ರದಿಂದ ಅದರ ಮೇಲೆ ಬಿಳಿ ಪಂಚೆ ಹಾಸಿ ಹಲಸಿನ ಹಪ್ಪಳ ಒಣಹಾಕುತ್ತಿದ್ದಾಳೆ, ಮತ್ತು ಹಪ್ಪಳ ಗರಿಗರಿಯಾಗುವವರೆಗೆ ಟ್ರ್ಯಾಕ್ಟರಿನ ಕೀಲಿಕೈ ಅವಳ ಸೊಂಟದಲ್ಲಿರುತ್ತದೆ.